ಇಲಿಯಕ್ಕನ ಸಾಕ್ಷಿ

ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಇಲಿಯಕ್ಕ. ಮೂವತ್ತು ವರ್ಷದ ನೌಕರಿಯಲ್ಲಿ ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಮರೆವಿನ ಕಾಯಿಲೆಯವರ ಮಿದುಳಿನಲ್ಲಿ ಕೆಡುವ ಟೌ ಎಂಬ ಪ್ರೋಟೀನನ್ನು ರಕ್ತದಲ್ಲಿ ಹುಡುಕುವುದು ಅವಳ ಕೆಲಸ. ಸಾಲಾಗಿ ಪುಟ್ಟ ಗುಳಿಗಳಿರುವ ತಟ್ಟೆಗೆ ಜನರ ರಕ್ತ ಹಾಕುವಾಗ, ಕೊನೆಯ ಗುಳಿಗೆ ಒಂದು ಇಲಿಯ ರಕ್ತವನ್ನೂ ತಪ್ಪದೆ ಹಾಕುತ್ತಿದ್ದಳು. ಅದು ಟೌ ಇಲ್ಲದೆಯೇ ಹುಟ್ಟುವಂತೆ ಮಾಡಿದ ಇಲಿ. ಆ ಗುಳಿ ಬಣ್ಣ ತಿರುಗಿತೆಂದರೆ ಇಡೀ ಪರೀಕ್ಷೆಯೇ ಸುಳ್ಳು. ಆ ಇಲಿಗೆ ಅವಳು ಇಟ್ಟ ಹೆಸರು ‘ಸಾಕ್ಷಿ’.

ಆ ವರ್ಷ ಹೊಸ ಪ್ರತಿಕಾಯದ ಶೀಸೆ ಬಂತು. ಪ್ರತಿಕಾಯ ಅನ್ನುವುದು ಟೌ ಒಂದನ್ನೇ ಹುಡುಕಿ ಹಿಡಿಯಬೇಕು; ಹಿಡಿದ ಗುಳಿ ಹಳದಿಯಾಗಬೇಕು. ಈ ಮಹರಾಯ ಮಾತ್ರ ಮದುವೆಮನೆಯಲ್ಲಿ ಕಂಡಕಂಡವರಿಗೆಲ್ಲ ನೆಂಟಸ್ತಿಕೆ ಹೇಳಿಕೊಳ್ಳುವವರ ಹಾಗೆ ಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡ. ಇಲಿಯ ಗುಳಿಯೂ ಹಳದಿ.

ಇಲಿಯಕ್ಕ ಮುಖ್ಯಸ್ಥರ ಕೋಣೆಗೆ ಹೋದಳು. ಅವರು ಗುಳಿಗಳ ತಟ್ಟೆ ಮುಟ್ಟಿ ಹದಿನೈದು ವರ್ಷವಾಗಿತ್ತು. ಮೈಕು ಮಾತ್ರ ವಾರಕ್ಕೆರಡು ಸಲ ಮುಟ್ಟುತ್ತಿದ್ದರು.

“ಸರ್, ಇಲಿ ಹಳದಿ ಬಂದಿದೆ.”

“ಆ ಇಲಿಗೇ ಏನೋ ಆಗಿರಬೇಕು ಬಿಡಮ್ಮ. ಮುಂದಿನ ತಿಂಗಳು ಈ ಪರೀಕ್ಷೆ ಮೇಲೇ ನನ್ನ ಭಾಷಣ ಇದೆ. ಇಲಿ ಮಾತು ಕೇಳ್ಕೊಂಡು ನಿಲ್ಲಿಸೋಕಾಗುತ್ತಾ?”

ಫಲಿತಾಂಶದ ಕಾಗದಗಳು ಅವರ ಸಹಿ ಹೊತ್ತು ಹೊರಟವು. ಅವುಗಳಲ್ಲೊಂದು ಇಲಿಯಕ್ಕನ ತಂಗಿಗೆ: ಮರೆವಿನ ಕಾಯಿಲೆ ಶುರುವಾಗಿದೆ ಎಂದು. ಸುಮ್ಮನೆ ನೋಡಿಸಿಕೋ ಎಂದು ಒತ್ತಾಯ ಮಾಡಿ ರಕ್ತ ಕೊಡಿಸಿದವಳು ಇಲಿಯಕ್ಕನೇ.

ತಂಗಿ ಬಟ್ಟೆ ಹೊಲಿಯುವವಳು. ಅಳತೆ ಪುಸ್ತಕ ನೋಡದೆ ಅರ್ಧ ಬೀದಿಯವರ ಸೊಂಟದ ಸುತ್ತಳತೆ ಹೇಳಬಲ್ಲವಳು. ಕಾಗದ ಬಂದ ದಿನವೇ ಸೊಸೆ ಕತ್ತರಿ ಎತ್ತಿಟ್ಟಳು. “ಕೈ ಕುಯ್ಕೊಂಡ್ರೆ ಯಾರು ಹೊಣೆ ಅತ್ತೆ?” ಹೊಲಿಗೆ ಯಂತ್ರಕ್ಕೆ ಹೊದಿಕೆ ಬಿತ್ತು. ತಲೆ ಕೆಟ್ಟರೆ ಕಿವಿಯೂ ಕೆಡುತ್ತದೆಂದು ತಿಳಿದವಳ ಹಾಗೆ ಸೊಸೆ ಕಿರುಚಿ ಮಾತಾಡತೊಡಗಿದಳು. ಮೂರು ತಿಂಗಳಲ್ಲಿ ತಂಗಿಯೂ ನಂಬಿದಳು. “ಇವತ್ತು ಯಾವ ವಾರ ಅಕ್ಕಾ? ನಾನು ಹೇಳಿದ್ರೆ ತಪ್ಪಾಗುತ್ತೇನೋ” ಎಂದು ಕೇಳಿದಾಗ ಇಲಿಯಕ್ಕ ಎದ್ದು ನೇರ ಅಡುಗೆಮನೆಗೆ ನಡೆದಳು.

“ಆ ಪರೀಕ್ಷೆನೇ ಸುಳ್ಳಮ್ಮ” ಎಂದಳು ಸೊಸೆಗೆ.

“ಪ್ರೀತಿಗೆ ಹಾಗಂತೀರಿ ದೊಡ್ಡಮ್ಮ. ಕಾಗದದಲ್ಲಿ ಅಷ್ಟು ದೊಡ್ಡವರ ಸಹಿ ಇದೆಯಲ್ಲ!”

ಸರಿ, ಸಹಿ ಹಾಕಿದವರಿಂದಲೇ ಹೇಳಿಸಬೇಕು. ಫ್ರೀಜರ್‌ನಲ್ಲಿ ಒಂದು ಹಳೆಯ ಕೊಳವೆ ಇದ್ದದ್ದು ಅವಳಿಗೆ ನೆನಪಾಯಿತು. ಆರೋಗ್ಯವಂತರ ರಕ್ತ ಬೇಕೆಂದಾಗ ಮುಖ್ಯಸ್ಥರೇ ತೋಳು ಚಾಚಿ, “ನನ್ನದಕ್ಕಿಂತ ಗಟ್ಟಿ ತಲೆ ಎಲ್ಲಿ ಸಿಗುತ್ತೆ? ಯಾವಾಗ ಬೇಕಾದ್ರೂ ಪರೀಕ್ಷೆ ಮಾಡ್ಕೊಳ್ಳಿ” ಎಂದು ಕೊಟ್ಟದ್ದು.

ಮರುದಿನ ತಟ್ಟೆಯನ್ನು ಅವರ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಏರಿಸಿ ನೋಡಿದರು.

“ಏಳನೇ ಗುಳಿ ಯಾರದಮ್ಮ? ಎಷ್ಟು ಗಾಢ ಹಳದಿ! ಪಾಪ, ಮನೆಯವರಿಗೆ ಬೇಗ ತಿಳಿಸಿ. ಇಂಥವರಿಂದ ಜವಾಬ್ದಾರಿ ಕೆಲಸ ಬಿಡಿಸಬೇಕು.”

“ನಿಮ್ಮದೇ ಸರ್.”

ಹತ್ತು ನಿಮಿಷದಲ್ಲಿ ಆ ಪ್ರತಿಕಾಯ ಲೋಕದಲ್ಲೇ ಕಳಪೆ ಮಾಲಾಯಿತು. ತಮಗೆ ಮೊದಲ ದಿನದಿಂದಲೇ ಅನುಮಾನವಿತ್ತು ಎಂದರು. ಇಲಿಯ ಮೇಲಂತೂ ಇದ್ದಕ್ಕಿದ್ದಂತೆ ಅಪಾರ ಗೌರವ ಹುಟ್ಟಿತು. ಸಂಜೆಯೊಳಗೆ ಹಿಂದಿನ ಫಲಿತಾಂಶ ರದ್ದು ಎಂಬ ಕಾಗದಗಳಿಗೆ ಸಹಿ ಬಿತ್ತು.

ತಂಗಿಯ ಕಾಗದವನ್ನು ಇಲಿಯಕ್ಕನೇ ಒಯ್ದಳು. ಸೊಸೆ ಎರಡು ಸಲ ಓದಿದಳು. ತಂಗಿ ಎದ್ದು ಯಂತ್ರದ ಹೊದಿಕೆ ತೆಗೆದು ಕೈ ಚಾಚಿದಳು.

“ಕತ್ತರಿ ಕೊಡಮ್ಮ.”

ಸೊಸೆ ಕಪಾಟು ನೋಡಿದಳು. ಅಟ್ಟ ನೋಡಿದಳು. ಹಾಸಿಗೆಯನ್ನೂ ಎತ್ತಿ ನೋಡಿದಳು. ಕೊನೆಗೆ ಹಣೆ ಒತ್ತಿಕೊಂಡು ನಿಂತಳು.

“ಭದ್ರವಾಗಿ ಇಟ್ಟಿದ್ದೆ ಅತ್ತೆ... ಎಲ್ಲಿಟ್ಟೆ ಅಂತಾನೇ ನೆನಪಾಗ್ತಿಲ್ಲ.”

ಮೂರು ತಿಂಗಳಲ್ಲಿ ಮೊದಲ ಸಲ ತಂಗಿ ಜೋರಾಗಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಕಿವುಡರಿಗೆ ಹೇಳುವಂತೆ ಒಂದೊಂದೇ ಅಕ್ಷರ ಬಿಡಿಸಿ ಕೂಗಿ ಹೇಳಿದಳು:

“ಪರವಾಗಿಲ್ಲ ಮಗಳೇ, ಗಾಬರಿಯಾಗಬೇಡ. ಇವತ್ತು ಯಾವ ವಾರ, ಹೇಳು ನೋಡೋಣ?”