ಕಣಜದ ಕಿಂಡಿಗೆ ಕೂತ ಲಾಲಸಾಬನ ಸ್ಪೀಕರು

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಒಂದು ಸಗಟು ಬಟ್ಟೆ ಅಂಗಡಿಯ ಮಹಡಿ ಮೆಟ್ಟಿಲ ಕೆಳಗೆ, ಎದ್ದು ನಿಂತರೆ ತಲೆಗೆ ಬಡಿಯುವಷ್ಟು ಜಾಗದಲ್ಲಿ ಲಾಲಸಾಬ್ ಹದಿನೆಂಟು ವರ್ಷದಿಂದ ಕೂತಿದ್ದ. ಮಾಡುತ್ತಿದ್ದುದು ಒಂದೇ ಕೆಲಸ, ಸ್ಪೀಕರ್ ರಿಪೇರಿ. ರೇಡಿಯೋ ಬಿಚ್ಚುತ್ತಿರಲಿಲ್ಲ, ಆಂಪ್ಲಿಫೈಯರ್ ಮುಟ್ಟುತ್ತಿರಲಿಲ್ಲ. ಹರಿದ ಕಾಗದದ ಕೋನಿಗೆ ತೇಪೆ ಹಚ್ಚುವುದು, ಸುಟ್ಟ ಕಾಯಿಲು ತೆಗೆದು ಕೂದಲೆಳೆಯಂಥ ತಾಮ್ರದ ತಂತಿ ಸುತ್ತುವುದು, ಆಮೇಲೆ ಕೋನನ್ನು ಎರಡು ಬೆರಳಿಂದ ಮೆಲ್ಲಗೆ ಒತ್ತಿ, ಮಗುವಿನ ಎದೆಗೆ ಕಿವಿ ಕೊಡುವ ಹಾಗೆ ಕಿವಿ ಕೊಡುವುದು. ಎಲ್ಲೂ ಕೆರೆಯದೆ ಮೇಲೆ ಕೆಳಗೆ ಆಡಿದರೆ ಕೆಲಸ ಮುಗಿಯಿತು.

ಅವನು ಹುಟ್ಟಿದ್ದು ಕುರುಗೋಡಿನಲ್ಲಿ. ಅಲ್ಲಿ ಒಂದು ಕಾಲಕ್ಕೆ ಟೆಂಟು ಹಾಕಿ ಸಿನಿಮಾ ತೋರಿಸುತ್ತಿದ್ದರು. ಊರವರೆಲ್ಲ ಪರದೆಯ ಮುಂದೆ ಕೂತರೆ ಲಾಲಸಾಬ್ ಪರದೆಯ ಹಿಂದೆ ಕೂರುತ್ತಿದ್ದ. ಅಲ್ಲಿದ್ದ ಹದಿನೈದು ಇಂಚಿನ ಸ್ಪೀಕರು ಅವನ ಪ್ರಪಂಚ. ಟೆಂಟು ಎತ್ತಿಕೊಂಡು ಹೋಗುವಾಗ ಮಾಲೀಕರು ಆ ಸ್ಪೀಕರನ್ನು ಅವನಿಗೇ ಕೊಟ್ಟು ಹೋದರು, ಹರಿದಿತ್ತಲ್ಲ. ಅದಕ್ಕೆ ಅವನು ಹೊಸ ಕೋನು ಹಾಕಿದ. ಅಂದಿನಿಂದ ಅದು ಮಂಚದ ಕೆಳಗೆ ವಾಸವಾಗಿತ್ತು, ಹೆಂಡತಿ ಶಹಜಾದಿಯ ಬೈಗುಳ ತಿನ್ನುತ್ತ.

"ಹೊಲಿಗಿ ಸೂಜಿ ಕೆಳಗ ಬಿದ್ದರ ಸಾಕು, ಅದರ ಹೊಟ್ಟಿಗೇ ಹೋಗಿ ಹತ್ತತೈತಿ. ಇದು ಸ್ಪೀಕರ್ ಅಲ್ರಿ, ನನ್ನ ಸವತಿ" ಎಂದು ಶಹಜಾದಿ ಗುಡಿಸುವಾಗಲೆಲ್ಲ ಅನ್ನುತ್ತಿದ್ದಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಊರಲ್ಲಿ ವ್ಯಾಟ್ ಎಂಬ ಹೊಸ ಬಿರುದು ಚಾಲ್ತಿಗೆ ಬಂತು. ಹತ್ತು ವ್ಯಾಟಿನ ಸೆಟ್ಟಿನವರು ಇಪ್ಪತ್ತು ವ್ಯಾಟಿನವರನ್ನು ಕಂಡರೆ ಎದ್ದು ನಿಲ್ಲುವುದೊಂದು ಬಾಕಿ. ಸೆಟ್ಟು ಎಷ್ಟು ವ್ಯಾಟು ಎಂದು ಎಲ್ಲರೂ ಕೇಳುತ್ತಿದ್ದರು, ಸ್ಪೀಕರು ಎಂಥದು ಎಂದು ಯಾರೂ ಕೇಳುತ್ತಿರಲಿಲ್ಲ. ಲಾಲಸಾಬನಿಗೆ ಇದರಿಂದ ಬೇಸರವೂ ಆಗುತ್ತಿತ್ತು, ಕೆಲಸವೂ ಸಿಗುತ್ತಿತ್ತು.

ಆ ವರ್ಷ ದಸರೆ ಕಳೆದ ಮೇಲೆ ಸಿರುಗುಪ್ಪದ ಅಕ್ಕಿ ಗಿರಣಿ ಮಾಲೀಕರಾದ ಮರಿಬಸಪ್ಪನವರು, ಹೆಂಡತಿ ದಾಕ್ಷಾಯಣಮ್ಮನವರ ಜೊತೆ, ಎರಡು ಸ್ಪೀಕರ್ ಪೆಟ್ಟಿಗೆ ಹೊರಿಸಿಕೊಂಡು ಮೆಟ್ಟಿಲ ಕೆಳಗೆ ಬಗ್ಗಿ ನೋಡಿದರು. ಬಗ್ಗುವುದು ಅವರಿಗೆ ರೂಢಿಯಿರಲಿಲ್ಲ. ಹಾಗಾಗಿ ಮೊದಲು ತಲೆ ಬಡಿದುಕೊಂಡರು, ಆಮೇಲೆ ಮಾತಾಡಿದರು.

"ಮದ್ರಾಸಿಂದ ತರಿಸಿದ ರೇಡಿಯೋ ಸೆಟ್ಟು, ಲಾಲಸಾಬ. ಅರವತ್ತು ವ್ಯಾಟು. ಸಿರುಗುಪ್ಪದಾಗ ಇನ್ನೊಂದಿಲ್ಲ. ಈಗ ಗರಗರ ಅಂತೈತಿ."

ಗಿರಣಿಯವರು ಎಲ್ಲವನ್ನೂ ಅಶ್ವಶಕ್ತಿಯಲ್ಲಿ ಅಳೆಯುವವರು. ಮೋಟಾರು ದೊಡ್ಡದಾದಷ್ಟೂ ಅಕ್ಕಿ ಹೆಚ್ಚು ಎಂಬ ಲೆಕ್ಕದಲ್ಲೇ ಸಂಗೀತವನ್ನೂ ಕೊಂಡಿದ್ದರು. ಲಾಲಸಾಬ್ ಪೆಟ್ಟಿಗೆ ಬಿಚ್ಚಿದ. ಎರಡೂ ಕೋನುಗಳ ಮೇಲೆ ಮೂರು ಬೆರಳಿನ ವಿಭೂತಿ ದಪ್ಪಗೆ ಒಣಗಿ ಕೂತಿತ್ತು. ನಡುವೆ ಕುಂಕುಮ. ಒಳಗಿನ ಸಂದಿಯಲ್ಲಿ ಅಕ್ಷತೆಯ ನಾಲ್ಕು ಕಾಳು.

"ಪೂಜಿ ಮಾಡೀರೇನ್ರಿ ಸಾವ್ಕಾರ್ರ?"

"ಆಯುಧ ಪೂಜಿಗೆ ಗಿರಣಿ ಮೋಟಾರಿಗೆ ಹಚ್ಚೀವಿ, ಲಾರಿಗೆ ಹಚ್ಚೀವಿ. ಅರವತ್ತು ವ್ಯಾಟಿಗೆ ಬಿಡಾಕ ಬರ್ತೈತೇನು?"

"ಬಿಡಬಾರದ್ರಿ. ಮುಂದಿನ ಸಲ ಪೆಟಗಿಗೆ ಹಚ್ಚರಿ. ಕೋನಿಗೆ ಹಚ್ಚಿದರ ಹಾಡವರ ನಾಲಗಿಗೆ ಗಂಧ ಬಳದಂಗ ಆಕೈತಿ."

ಮೆತ್ತನೆಯ ಬ್ರಷ್ಷಿನಿಂದ ವಿಭೂತಿ ಬಿಡಿಸಿ, ಒಂದು ಚೂರೂ ನೆಲಕ್ಕೆ ಬೀಳದಂತೆ ಕಾಗದದ ಪೊಟ್ಟಣ ಕಟ್ಟಿ, ಅವನು ಅದನ್ನು ದಾಕ್ಷಾಯಣಮ್ಮನವರ ಕೈಗೆ ಕೊಟ್ಟ. ಅವರು ಕಣ್ಣಿಗೊತ್ತಿಕೊಂಡು ಸೆರಗಿಗೆ ಗಂಟು ಹಾಕಿಕೊಂಡರು. ಮರಿಬಸಪ್ಪನವರು ಪಕ್ಕದ ಅಂಗಡಿಯವರಿಗೆ ಅರವತ್ತು ವ್ಯಾಟಿನ ವಿಷಯ ತಿಳಿಸಲು ಹೋದಾಗ ಆಕೆ ಮೆಲ್ಲಗೆ ಬಾಯಿ ಬಿಟ್ಟರು.

"ಅಣ್ಣಾರ, ಬರೂ ಐತಾರ ಮುಂಜಾನಿ ಎಂಟಕ್ಕ ಧಾರವಾಡ ರೇಡಿಯೋದಾಗ ನನ್ನ ಹಾಡು ಬರ್ತೈತ್ರಿ. ಬೀಸೂ ಪದ. ನಮ್ಮತ್ತಿ ಕಲಿಸಿದ್ದು. ಬೀಸೂ ಕಲ್ಲಿನ ಮುಂದ ಕುಂತು ಕಲಿಸಿದ್ರು. ಈಗ ಅವರಿಗೇ ಕಿವಿ ಕೇಳಂಗಿಲ್ಲ. ನಲವತ್ತು ವರ್ಷ ಗಿರಣಿ ಬಾಜೂಕ ಇದ್ದು ಇದ್ದು ಹೋದವು. ನಾನು ಹಾಡಿದರ ಬಾಯಿ ಅಷ್ಟ ಕಾಣತೈತಿ ಅಂತಾರ. ಈ ಸೆಟ್ಟಿನ್ಯಾಗರ ಕೇಳಸತೈತೇನ್ರಿ? ಒಮ್ಮಿ ಅಷ್ಟ ಬರೂದು ಅದು."

ಲಾಲಸಾಬ್ ಪೆಟ್ಟಿಗೆಯ ಕಡೆ ನೋಡಿದ. ನೋಡಲು ಚೆಂದ, ಆದರೆ ಬಿಗಿ ರಬ್ಬರು, ಭಾರದ ಕೋನು, ನಿಂಬೆಹಣ್ಣಿನಷ್ಟು ಅಯಸ್ಕಾಂತ. "ಇದು ಹಂಡೇದಷ್ಟು ಉಂಡು ಗಿಂಡಿಯಷ್ಟು ದುಡಿಯೂ ಎತ್ತು, ತಾಯಿ" ಎಂದ. "ಆದರ ನಿಮ್ಮತ್ತಿಗೆ ನಾನು ಕೇಳಸ್ತೀನಿ."

ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಹದಿನೆಂಟು ವರ್ಷದಲ್ಲಿ ಯಾರೂ ಅವನನ್ನು ಇಂಥದೊಂದು ಕೇಳಿರಲಿಲ್ಲ. ಅವನೂ ಯಾರಿಗೂ ಮಾತು ಕೊಟ್ಟಿರಲಿಲ್ಲ.

ಶನಿವಾರ ಅವನು ರಿಪೇರಿಯಾದ ಪೆಟ್ಟಿಗೆಗಳ ಜೊತೆ ಮಂಚದ ಕೆಳಗಿನ ಹದಿನೈದು ಇಂಚನ್ನೂ ಗೋಣಿಯಲ್ಲಿ ಸುತ್ತಿ ಸಿರುಗುಪ್ಪದ ಬಸ್ಸು ಹತ್ತಿದ. ಮರಿಬಸಪ್ಪನವರ ಮನೆಯ ಹಜಾರದಲ್ಲಿ ಗಾಜಿನ ಶೋಕೇಸು. ಅದರೊಳಗೆ ಸೆಟ್ಟು, ಮೇಲೆ ಕ್ರೋಶಾ ಹೆಣೆದ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ಸ್ಪೀಕರುಗಳಿಗೂ ಗಾಜಿನ ಬಾಗಿಲ ಒಳಗೇ ಜಾಗ. ಧೂಳು ಬೀಳಬಾರದೆಂದು ಬಾಗಿಲು ಹಾಕಿಯೇ ಹಾಡು ಕೇಳುವುದು ಆ ಮನೆಯ ಪದ್ಧತಿ.

ಪಡಸಾಲೆಯಲ್ಲಿ ಚನ್ನವೀರಮ್ಮ, ಮರಿಬಸಪ್ಪನವರ ತಾಯಿ, ಗೋಡೆಗೆ ಒರಗಿ ಕೂತಿದ್ದಳು. ಸೊಸೆ ಎರಡು ಸಲ ಕರೆದರೂ ತಿರುಗಲಿಲ್ಲ. ಹೊರಗೆ ಹಮಾಲನೊಬ್ಬ ದಪ್ಪ ದನಿಯಲ್ಲಿ ಕೆಮ್ಮಿದಾಗ ಮಾತ್ರ ತಟ್ಟನೆ ನೋಡಿದಳು. ಲಾಲಸಾಬನಿಗೆ ಅಷ್ಟು ಸಾಕಾಯಿತು. ಅಜ್ಜಿಯ ಕಿವಿಗೆ ಸಣ್ಣ ದನಿ ಮುಟ್ಟುವುದಿಲ್ಲ, ದಪ್ಪ ದನಿ ಇನ್ನೂ ಮುಟ್ಟುತ್ತದೆ.

ಅಜ್ಜಿಯ ಬೆನ್ನ ಹಿಂದೆಯೇ ಭತ್ತದ ಕಣಜದ ಕೋಣೆ. ಭತ್ತ ಇಳಿಸಿಕೊಳ್ಳಲು ಪಡಸಾಲೆಯ ಕಡೆ ಮೊಣಕಾಲೆತ್ತರಕ್ಕೆ ಒಂದು ಚೌಕದ ಕಿಂಡಿ. ಸುಗ್ಗಿಗೆ ಇನ್ನೂ ತಿಂಗಳಿತ್ತು, ಕಣಜ ಖಾಲಿ. ಲಾಲಸಾಬ್ ಕಿಂಡಿಗೆ ಗೇಣು ಹಾಕಿ ಅಳೆದು ಮುಗುಳ್ನಕ್ಕ.

"ಇದೇನ್ ಹುಚ್ಚಾಟ?" ಎಂದರು ಮರಿಬಸಪ್ಪನವರು. "ಇಲಿ ಹೋಗೂ ತೂತಿಗೆ ಸ್ಪೀಕರ್ ಹಾಕ್ತಾರೇನು?"

"ಸ್ಪೀಕರಿನ ಮುಂದ ಒಂದು ದನಿ, ಹಿಂದ ಒಂದು ದನಿ ಬರ್ತೈತ್ರಿ. ಎರಡೂ ಎದುರಾಬದರು ಸಿಕ್ಕರ ಒಂದನ್ನೊಂದು ನುಂಗಿಬಿಡತಾವ, ಅತ್ತಿ ಸೊಸಿ ಮಾತಿನಂಗ. ನಡುವ ಒಂದು ಗ್ವಾಡಿ ಇದ್ದರ ಇಬ್ಬರದೂ ಮಾತು ನಡೀತೈತಿ. ನಿಮ್ಮ ಕಣಜದಂಥಾ ಗ್ವಾಡಿ ಮದ್ರಾಸಿನ್ಯಾಗೂ ಸಿಗಂಗಿಲ್ಲ."

"ಆತು, ಹಾಕ್ಕೊ. ಆದರ ನನ್ನ ಅರವತ್ತು ವ್ಯಾಟಿಗೆ ಆ ಟೆಂಟಿನ ಸಾಮಾನು ಕಟ್ಟಬ್ಯಾಡ. ಅದಕ್ಕ ಒಂದು ಅಂತಸ್ತು ಐತಿ."

ಲಾಲಸಾಬ್ ಹಲಗೆ ಹೊಡೆದು ಸ್ಪೀಕರು ಕೂರಿಸಿ, ಅದರ ಎರಡು ತಂತಿಗಳನ್ನು ಹಾಗೇ ಇಳಿಬಿಟ್ಟ. ಯಾರೂ ಕರೆಯದೆ ಬಂದ ಬೀಗರ ಹಾಗೆ ಆ ತಂತಿಗಳು ಗೋಡೆಗೆ ಅಂಟಿಕೊಂಡು ನಿಂತವು.

ಭಾನುವಾರ ಗಿರಣಿಗೆ ರಜೆ ಸಾರಿ, ಓಣಿಯವರನ್ನೆಲ್ಲ ಕರೆದು ಹಜಾರದ ತುಂಬ ಕುರ್ಚಿ ಹಾಕಿಸಿದ್ದರು. ಎಂಟಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಮರಿಬಸಪ್ಪನವರು ಎದ್ದು ಸೆಟ್ಟಿನ ಶಕ್ತಿಯ ಬಗ್ಗೆ ನಾಲ್ಕು ಮಾತಾಡಿದರು. ನಾಲ್ಕು ಎಂಟಾಯಿತು. ಸ್ವಿಚ್ಚು ಹಾಕಿದರು. ಆದರೆ ಹೊಳೆದಂಡೆಯ ಪಂಪ್‌ಸೆಟ್ಟುಗಳಿಗೆ ಐತಾರವಿಲ್ಲ. ಅವು ಕರೆಂಟು ಎಳೆದುಕೊಂಡ ಹೊಡೆತಕ್ಕೆ ಹಜಾರದ ಬಲ್ಬು ಕುಂಕುಮದ ಬಣ್ಣಕ್ಕೆ ಇಳಿಯಿತು. ಅರವತ್ತು ವ್ಯಾಟು ಒಮ್ಮೆ ಗುಂಯ್ ಎಂದು, ಮೇಷ್ಟ್ರ ಮುಂದೆ ಪಾಠ ಮರೆತವರ ಹಾಗೆ ತೆಪ್ಪಗಾಯಿತು. ಮರಿಬಸಪ್ಪನವರು ಶೋಕೇಸಿನ ನೆತ್ತಿಗೆ ತಟ್ಟಿದರು. ಗಾಜು ಮಾತ್ರ ಸದ್ದು ಮಾಡಿತು.

ದಾಕ್ಷಾಯಣಮ್ಮ ಲಾಲಸಾಬನ ಮುಖ ನೋಡಿದರು. ಕಣ್ಣು ತುಂಬಿತ್ತು.

"ಅಡಗಿಮನ್ಯಾಗ ನಿನ್ನಿ ಸೆಲ್ಲಿನ ರೇಡಿಯೋ ಕಂಡಿದ್ದೆ ತಾಯಿ, ತರ್ರಿ ಲಗೂನ!"

ಆಕೆ ಓಡಿದರು. ಒಗ್ಗರಣೆಯ ಹೊಗೆ ಕುಡಿದು ಕಂದಿದ, ಅಂಗೈಯಗಲದ ರೇಡಿಯೋ. ಅದರ ದನಿ ಅಡುಗೆಮನೆ ಬಾಗಿಲು ದಾಟುವುದೇ ಕಷ್ಟ. ಲಾಲಸಾಬ್ ಅದರ ಇಯರ್‌ಫೋನಿನ ತೂತಿಗೆ, ಕಿಂಡಿಯ ಸ್ಪೀಕರಿನಿಂದ ಇಳಿಬಿಟ್ಟಿದ್ದ ತಂತಿಗಳನ್ನು ಸಿಕ್ಕಿಸಿ ಗುಂಡಿ ತಿರುಗಿಸಿದ.

ಕಣಜ ಉಸಿರೆಳೆದುಕೊಂಡಂತಾಯಿತು. ಧಾರವಾಡದ ನಿಲಯದ ಹೆಂಗಸು ದಾಕ್ಷಾಯಣಮ್ಮನವರ ಹೆಸರು ಹೇಳಿದ್ದು, ಆಕೆ ಪಡಸಾಲೆಯಲ್ಲೇ ನಿಂತು ಹೇಳಿದಂತೆ ಕೇಳಿತು. ಹಿಂದೆಯೇ ಹಾಡು. ಅರ್ಧ ವ್ಯಾಟೂ ಇರದ ರೇಡಿಯೋ, ಮೂರು ಸೆಲ್ಲು. ಆದರೆ ಹಗುರ ಕಾಗದದ ಅಗಲ ಕೋನು, ತೆಂಗಿನಕಾಯಿಯಷ್ಟು ಅಯಸ್ಕಾಂತ, ಬೆನ್ನಿಗೆ ಒಂದು ಕೋಣೆಯ ಬಲ. ಹಾಡು ಹಜಾರ ತುಂಬಿ ಬೀದಿಗೆ ಇಳಿಯಿತು. ಎದುರುಮನೆಯ ಊರಮ್ಮ ರೊಟ್ಟಿ ಬಡಿಯುವುದು ಬಿಟ್ಟು ಹಿಟ್ಟುಗೈಯಲ್ಲೇ ಕಟ್ಟೆಗೆ ಬಂದಳು.

ಲಾಲಸಾಬ್ ಬೇರೆ ಯಾರನ್ನೂ ನೋಡುತ್ತಿರಲಿಲ್ಲ, ಅಜ್ಜಿಯನ್ನೇ ನೋಡುತ್ತಿದ್ದ. ಚನ್ನವೀರಮ್ಮ ಮೊದಲು ಬೆನ್ನು ಹಿಂದಕ್ಕೆ ಒತ್ತಿದಳು. ಆಮೇಲೆ ತಿರುಗಿ ಗೋಡೆಗೆ ಅಂಗೈ ಇಟ್ಟಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಕೇಳಿಸಿತೋ ಇಲ್ಲವೋ? ಹಾಡು ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ತಟ್ಟಲಿಲ್ಲ. ದಾಕ್ಷಾಯಣಮ್ಮ ಸೆರಗನ್ನು ಬಾಯಿಗೆ ಹಿಡಿದರು.

"ಮೂರನೇ ನುಡಿ ಎಲ್ಲಿ ಹೋತಲೇ?" ಎಂದು ಗದರಿತು ಅಜ್ಜಿಯ ದನಿ.

ಕುರ್ಚಿಯಲ್ಲಿದ್ದವರೆಲ್ಲ ಗೋಡೆಯ ಕಡೆ ತಿರುಗಿದರು.

"ತವರಿನ ಎತ್ತು ಹೊಳಿ ದಾಟಿ ಬರೂ ನುಡಿ. ಅದನ್ನ ಯಾಕ ಬಿಟ್ಟಿ? ಕಲಿಸಿದ್ದು ಯಾರು? ಬಿಡು ಅಂದಾರ ಯಾರು?"

ದಾಕ್ಷಾಯಣಮ್ಮ ಅಳುತ್ತಲೇ ನಕ್ಕುಬಿಟ್ಟರು. ಅತ್ತೆಯ ಕಿವಿಗೆ ಬಾಯಿ ಹಚ್ಚಿ, "ರೇಡಿಯೋದವರು ಹೊತ್ತು ಸಾಲಂಗಿಲ್ಲ ಅಂದ್ರು ಅತ್ತಿ, ಅದಕ್ಕ ಬಿಟ್ಟೆ" ಎಂದರು.

"ಹೊತ್ತು ಸಾಲಂಗಿಲ್ಲ ಅಂದರ ಬೀಸಾಕ ಯಾಕ ಕುಂತ್ರಿ?" ಎಂದಳು ಚನ್ನವೀರಮ್ಮ. ಬಿಟ್ಟುಹೋದ ನುಡಿಯನ್ನು, ಸುಣ್ಣದ ಗೋಡೆ ಹಿಡಿದುಕೊಂಡೇ, ಎಂಟು ವರ್ಷದಿಂದ ಹಾಡದಿದ್ದ ಗಂಟಲಲ್ಲಿ ಹಾಡಿ ಮುಗಿಸಿದಳು.

"ನೋಡಿದ್ರಿಲ್ಲೋ?" ಎಂದರು ಮರಿಬಸಪ್ಪನವರು, ನೆರೆದವರ ಕಡೆ ತಿರುಗಿ. "ಅರವತ್ತು ವ್ಯಾಟಿನ ಮನಿ ಅಂದರ ಹಿಂಗ ಇರಬೇಕು." ಅವರ ಹಿಂದೆ ಶೋಕೇಸಿನಲ್ಲಿ ಅರವತ್ತು ವ್ಯಾಟು ಸುಮ್ಮನೆ ಮಲಗಿತ್ತು. ಲಾಲಸಾಬ್, "ಹೌದ್ರಿ ಸಾವ್ಕಾರ್ರ" ಎಂದ. ಅವನಿಗೆ ಬೇಕಾದ್ದು ಆಗಲೇ ಸಿಕ್ಕಿತ್ತು, ಉಳಿದದ್ದನ್ನು ಹಂಚಿಬಿಡಲು ಅಡ್ಡಿಯಿರಲಿಲ್ಲ.

ಮನೆಗೆ ಬರಿಗೈಯಲ್ಲಿ ಬಂದವನನ್ನು ಶಹಜಾದಿ ಮಂಚದ ಕೆಳಗೆ ಬಗ್ಗಿ ನೋಡಿ ಕೇಳಿದಳು.

"ನನ್ನ ಸವತಿ ಎಲ್ಲಿ?"

"ಸಿರುಗುಪ್ಪಕ್ಕ ಕೊಟ್ಟು ಬಂದೆ. ಮನಿತನ ಚಲೋ ಐತಿ."

"ನನ್ನ ಸೂಜಿ?"

ಅದೊಂದನ್ನು ಅವನು ಮರೆತಿದ್ದ.

ಸುಗ್ಗಿ ಬಂತು. ಸಿರುಗುಪ್ಪದ ಕಡೆಯಿಂದ ಭತ್ತದ ಬಂಡಿಗಳು ಸಾಲುಗಟ್ಟಿದ್ದು ಕೇಳಿ ಲಾಲಸಾಬನಿಗೆ ಕಸಿವಿಸಿ. ಕಣಜ ತುಂಬಿದರೆ ಸ್ಪೀಕರಿನ ಬೆನ್ನಿಗೆ ಭತ್ತ ಬೀಳುತ್ತದೆ, ದನಿ ಹೂತುಹೋಗುತ್ತದೆ. ಬಿಚ್ಚಿ ಜೋಪಾನವಾಗಿಯಾದರೂ ಇಟ್ಟು ಬರೋಣವೆಂದು ಬಸ್ಸು ಹತ್ತಿದ.

ಹೋಗಿ ನೋಡಿದರೆ ಹಜಾರದಲ್ಲಿ ಕಾಲಿಡಲು ಜಾಗವಿಲ್ಲ. ಭತ್ತದ ಚೀಲಗಳು ಸೂರಿನವರೆಗೆ ಏರಿದ್ದವು. ಅವುಗಳ ಹಿಂದೆಲ್ಲೋ ಶೋಕೇಸು, ಅದರೊಳಗೆಲ್ಲೋ ಅರವತ್ತು ವ್ಯಾಟು. ಮರಿಬಸಪ್ಪನವರು ಒಂದು ಚೀಲದ ಮೇಲೆ ಕೂತು, ಗಂಗಾವತಿಯಿಂದ ಬಂದ ಬೀಗರಿಗೆ ಹೇಳುತ್ತಿದ್ದರು.

"ವ್ಯಾಟು ಗೀಟು ಏನೂ ಇಲ್ರಿ. ಸ್ಪೀಕರ್ ನೋಡ್ರಿ, ಸ್ಪೀಕರ್. ನಾ ಮೊದಲಿಂದಾನೂ ಇದನ್ನ ಹೇಳ್ಕೋತ ಬಂದೀನಿ."

"ಕಣಜ ತುಂಬಲಿಲ್ಲೇನ್ರಿ ಸಾವ್ಕಾರ್ರ?" ಎಂದ ಲಾಲಸಾಬ್.

"ಅವ್ವ ತುಂಬಾಕ ಬಿಡಂಗಿಲ್ಲಪಾ, ಕಿಂಡಿಗೆ ಅಡ್ಡ ಕುಂತಾಳ" ಎಂದರು ಅವರು, ದನಿ ತಗ್ಗಿಸಿ.

ಪಡಸಾಲೆಯಲ್ಲಿ ಕಿಂಡಿಯ ಮುಂದೆ ಬೀಸುವ ಕಲ್ಲು ಬಂದು ಕೂತಿತ್ತು. ಒಂದು ಬದಿಗೆ ಚನ್ನವೀರಮ್ಮ, ಇನ್ನೊಂದು ಬದಿಗೆ ದಾಕ್ಷಾಯಣಮ್ಮ. ಕಿಂಡಿಯಲ್ಲಿ ರೇಡಿಯೋ ಹಾಡುತ್ತಿತ್ತು. ಅಜ್ಜಿ ಅದಕ್ಕೂ ತಪ್ಪು ಹುಡುಕುತ್ತಿದ್ದಳು.

ದಾಕ್ಷಾಯಣಮ್ಮ ಎದ್ದು ಒಂದು ಕಾಗದದ ಪೊಟ್ಟಣ ತಂದು ಅವನ ಕೈಗಿಟ್ಟರು.

"ಸ್ಪೀಕರಿನ ಬೆನ್ನಿಗೆ ಹತ್ತಿದ್ದವು ಅಣ್ಣಾರ. ಮನ್ಯಾಗ ಹುಡುಕ್ಯಾಡಾಕ ಹತ್ತಿರಬೇಕು ಅಂತ ತಗದು ಇಟ್ಟೀನಿ."

ಐದು ಸೂಜಿ. ಒಂದೂ ತುಕ್ಕು ಹಿಡಿದಿರಲಿಲ್ಲ.