ಬಾನಕ್ಕ ಕಳಿಸಲಿಲ್ಲ

ಮುಂಡಗೋಡ ತಾಲ್ಲೂಕಿನ ಪಾಳಾದಿಂದಾಚೆ, ಕಾಡಂಚಿನಲ್ಲಿರುವ, ಆಫ್ರಿಕಾ ಮೂಲದ ಸಿದ್ದಿಗಳ ಕೇರಿಯಲ್ಲಿ ಬಾನು ಎಂದರೆ ಯಾರಿಗೂ ತಟ್ಟನೆ ತಿಳಿಯುವುದಿಲ್ಲ, ಬಾನಕ್ಕ ಅನ್ನಬೇಕು. ಒಂಬತ್ತನೆಯ ತರಗತಿಯಲ್ಲಿದ್ದಾಗ ಹಿಂದಿನ ಬೆಂಚಿನವರು ಅವಳ ಗುಂಗುರು ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನಗುತ್ತಿದ್ದರು. ಒಂದು ದಿನ ಮಾಸ್ತರರೂ ನಕ್ಕರು. ಅವಳು ಪಾಟಿಚೀಲ ಎತ್ತಿಕೊಂಡು ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಹತ್ತು ವರ್ಷ ಕೂಲಿ ಮಾಡಿ, ಎರಡು ಮಕ್ಕಳಾದ ಮೇಲೆ, ಹಟ ಹಿಡಿದು ಎಸ್ಸೆಸ್ಸೆಲ್ಸಿ ಪಾಸಾದಳು.

ಆಮೇಲೆ ಕೇರಿಯ ಹುಡುಗ ಹುಡುಗಿಯರನ್ನು ಸಂಜೆ ಕೂಡಿಸಿಕೊಳ್ಳತೊಡಗಿದಳು. ಮೊದಲು ಕುದಿಸಿದ ಶೇಂಗಾ, ಆಮೇಲೆ ವಾಲಿಬಾಲ್, ಆಮೇಲೆ ಪುಸ್ತಕ. "ಹೊಟ್ಟಿ ಹಸದಾಗ ಪಾಠ ತಲಿಗೆ ಹತ್ತೂದಿಲ್ಲ" ಎನ್ನುವಳು. ಯಾರಾದರೂ ಶಾಲೆ ಬಿಟ್ಟರೆ ಅವರ ಮನೆಯ ಹೊಸ್ತಿಲಲ್ಲಿ ಕೂತುಬಿಡುವಳು. ಕಳಿಸುತ್ತೇವೆ ಎನ್ನುವವರೆಗೆ ಏಳುತ್ತಿರಲಿಲ್ಲ. ಸೊರಗಿದ ಹುಡುಗಿಯರನ್ನು ರಕ್ತ ತಪಾಸಣೆಗೆ ತಾನೇ ಆಸ್ಪತ್ರೆಗೆ ಕರೆದೊಯ್ಯುವಳು. ಕೂಡಲು ಜಾಗ ಎಂದರೆ ಶಿವಯೋಗಿ ಸಾಹುಕಾರರ ಖಾಲಿ ಗೋದಾಮು.

ಕಳೆದ ಫೆಬ್ರುವರಿಯಲ್ಲಿ ಸಾಹುಕಾರರು ಗೋದಾಮಿಗೆ ಬಂದರು. ದಾಂಡೇಲಿ ಕಡೆಯ ರೆಸಾರ್ಟೊಂದಕ್ಕೆ ಕುಣಿಯುವವರನ್ನು ಒದಗಿಸುವ ಮಾತು ಕೊಟ್ಟಿದ್ದರು.

"ಬಾನು, ಶನಿವಾರ ಹತ್ತ ಹುಡುಗ್ರನ್ನ ಕಳಸು. ನಿಮ್ಮ ಸಿದ್ದಿ ಮಂದಿ ಡಮಾಮಿ ಡೋಲಿನ ಕುಣಿತ. ಮೈಗೆ ಎಲಿ ಕಟಗೊಂಡು, ಮಾರಿಗೆ ಬಣ್ಣ ಬಳಕೊಂಡು ಕುಣೀಬೇಕು."

"ನಮ್ಮ ಮಂದಿ ಯಾವತ್ತ ಎಲಿ ಕಟಗೊಂಡು ಕುಣದಾರ್ರಿ? ನಮ್ಮವ್ವ ಸೀರಿ ಉಟ್ಟು ಕುಣೀತಿದ್ಲು."

"ನೋಡಾಕ ಬಂದವ್ರಿಗೆ ಹಂಗ ಬೇಕಂತ. ಅದರಾಗೇನ ಹೋಗತೈತಿ?"

"ಹೋಗೂದು ನಮ್ಮ ಮಾನ್ರೀ, ನಿಮ್ದಲ್ಲ. ಪರೀಕ್ಷಾ ಬ್ಯಾರೆ ಮುಂದ ಬಂದೈತಿ. ನಾ ಕಳಸೂದಿಲ್ಲ."

"ಈ ಗೋದಾಮ ಯಾರದಂತ ನೆನಪ ಐತಿಲ್ಲೋ?"

ಬಾನು ಗೋಡೆಯ ಮೇಲಿದ್ದ ಕರಿಹಲಗೆ ಇಳಿಸಿ ಮಕ್ಕಳ ಕೈಗೆ ಕೊಟ್ಟಳು. ಎಲ್ಲರೂ ಹೊರಗೆ ಬಂದ ಮೇಲೆ ಬೀಗ ಹಾಕಿ, ಕೀಲಿಯನ್ನು ಸಾಹುಕಾರರ ಮುಂದೆ ಹಿಡಿದಳು.

ದಾರಿಯಲ್ಲಿ ಹತ್ತನೆಯ ತರಗತಿಯ ಸೌಂದರ್ಯಾ ಮೆಲ್ಲಗೆ ಕೇಳಿದಳು: "ಅಕ್ಕಾ, ನನಗ ಕುಣಿಯೂದಂದ್ರ ಭಾಳ ಸೇರತೈತಿ. ತಪ್ಪೇನು?"

"ಕುಣಿಯವಾ, ಯಾರ ಬ್ಯಾಡಂದ್ರು? ನಿನ್ನ ಮನಸಿಗೆ ಬಂದಾಗ ಕುಣಿ. ಅವ್ರು ಹೇಳಿದ ವೇಷದಾಗ ಬ್ಯಾಡ."

ಮರುದಿನವೇ ಸೌಂದರ್ಯಾಳ ಅಪ್ಪ ಗಂಗಾರಾಮನಿಗೆ ಸಾಹುಕಾರರ ಹೊಲದ ಕೆಲಸ ತಪ್ಪಿತು. ಬಾನು, ತನ್ನ ಹಟಕ್ಕೆ ಇನ್ನೊಬ್ಬರ ಒಲೆ ಆರಿತಲ್ಲ ಎಂದು ಸಂಕಟಪಟ್ಟು, ಕ್ಷಮೆ ಕೇಳಲು ಅವನ ಮನೆಗೆ ಹೊರಟಳು. ಗಂಗಾರಾಮ ಹೆಗಲ ಮೇಲೆ ಬಿದಿರು ಹೊತ್ತು ಎದುರಿಗೇ ಬರುತ್ತಿದ್ದ.

"ಕೆಲಸ ಮಗ್ಗಲ ಹಳ್ಳಿ ಇಂದೂರದಾಗೂ ಸಿಗತೈತಿ. ದುರ್ಗವ್ವನ ಅಂಗಳದಾಗ ಚಪ್ಪರ ಹಾಕೂಣು, ಬಾ" ಎಂದ.

ಮುದುಕಿ ದುರ್ಗವ್ವ ತನ್ನ ಕೋಳಿಗಳನ್ನು ಹಿತ್ತಲಿಗೆ ಅಟ್ಟಿ ಜಾಗ ಮಾಡಿಕೊಟ್ಟಳು. ಪರೀಕ್ಷೆಯವರೆಗೆ ಪಾಠ ಅಲ್ಲಿಯೇ ನಡೆಯಿತು. ಆ ಶನಿವಾರ ರೆಸಾರ್ಟಿನಿಂದ ಬಂದ ಗಾಡಿ ಖಾಲಿಯಾಗಿಯೇ ತಿರುಗಿತು.

ಆರು ಜನ ಪರೀಕ್ಷೆ ಬರೆದರು, ಐವರು ಪಾಸಾದರು. ಸೌಂದರ್ಯಾ ಈಗ ಮುಂಡಗೋಡದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಉಳಿದ ಒಬ್ಬ ಹುಡುಗ ಸುದೀಪ ಇಂಗ್ಲಿಷಿನಲ್ಲಿ ಫೇಲಾದ, ಮತ್ತೆ ಬರೆದು ಮತ್ತೆ ಫೇಲಾದ. "ಇವನ್ನ ಕೂಲಿಗೆ ಹಚ್ಚಿಬಿಡ್ರಿ" ಎಂದು ಕೇರಿಯಲ್ಲಿ ಯಾರೋ ಅಂದಾಗ ಬಾನು ರೇಗಿದಳು: "ಕೂಲಿ ಎಲ್ಲಿ ಓಡಿ ಹೋಗತೈತಿ? ಅಂವ ಇನ್ನೊಮ್ಮಿ ಬರೀತಾನ."

ಮೂರನೆಯ ಸಲದ ಪರೀಕ್ಷೆಗೆ ಅವಳೇ ಅವನೊಂದಿಗೆ ಬಸ್ಸು ಹತ್ತಿದಳು.