ಕೇಬಲ್ ಪರೀಕ್ಷಿಸಿ

ನನಗೆ ಎಣಿಸುವ ಚಟವಿದೆ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಕರೆಂಟು ತಿಂಗಳಿಗೆ ಎಷ್ಟು ಸಲ ಹೋಯಿತು, ಹಾಲು ಯಾವ ದಿನ ಒಡೆಯಿತು, ಎಲ್ಲವೂ ತಾರೀಖಿನ ಸಮೇತ ನನ್ನ ಡೈರಿಯಲ್ಲಿದೆ. "ನಿನ್ನ ಕಟ್ಕೊಂಡೋಳು ದಿನಕ್ಕೆ ಎಷ್ಟು ಸಲ ನಕ್ಳು ಅಂತಾನೂ ಗೀಟು ಹಾಕ್ತೀಯೇನೋ" ಎಂದು ಅಮ್ಮ ಛೇಡಿಸುತ್ತಾಳೆ. ಎಣಿಸಿ ಬರೆದದ್ದು ಸುಳ್ಳಾಗುವುದಿಲ್ಲ ಎಂದು ನಾನು ನಂಬಿದ್ದೆ. ಆ ನಂಬಿಕೆಯಿಂದ ಒಬ್ಬರ ಕೆಲಸ ಹೋಯಿತು.

ನನ್ನ ಉದ್ಯೋಗ ಹೇಳುತ್ತೇನೆ. ಕಂಪ್ಯೂಟರಿನ ಹೊಟ್ಟೆಯಲ್ಲಿ ನೆಟ್‌ವರ್ಕ್ ಕಾರ್ಡ್ ಎಂಬ ಅಂಗೈಯಗಲದ ಹಲಗೆಯೊಂದಿರುತ್ತದೆ. ಕೇಬಲ್ ಬಂದು ಸೇರುವುದು ಅದಕ್ಕೇ. ಅದರ ಮಾತನ್ನು ಕಂಪ್ಯೂಟರಿಗೆ ದಾಟಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆಯುವವನು ನಾನು. ದುಭಾಷಿ ಎಂದು ಕರೆದಿದ್ದರೆ ಇನ್ನೂ ಸರಿಹೋಗುತ್ತಿತ್ತು. ಹಿಂದಿನ ದರ್ಬಾರುಗಳಲ್ಲಿ ಪರದೇಶದ ದೂತ ಅರ್ಧ ಗಂಟೆ ಗೋಳಾಡಿದ್ದನ್ನು ದುಭಾಷಿ ಬೇಸರಪಟ್ಟು "ಕ್ಷೇಮವಂತೆ, ಮಹಾಸ್ವಾಮಿ" ಎಂದು ಮುಗಿಸಿಬಿಟ್ಟರೆ ರಾಜನಿಗೆ ತಲುಪುತ್ತಿದ್ದುದು ಅಷ್ಟೇ ತಾನೆ? ಕಾರ್ಡು ಕೂಡ ಕೆಟ್ಟಾಗ ತನ್ನದೇ ಅಂಕಿಗಳಲ್ಲಿ ನರಳುತ್ತದೆ. ಆ ನರಳಿಕೆಯನ್ನು ಪರದೆಯ ಮೇಲೆ ಮನುಷ್ಯರ ಮಾತಿನ ಒಂದು ಸಾಲಾಗಿಸಬೇಕಾದವನು ನಾನು.

ಮೊದಲು ನಮ್ಮ ಡ್ರೈವರ್ "ಅಜ್ಞಾತ ದೋಷ, ಮೈನಸ್ ಐದು" ಎನ್ನುತ್ತಿತ್ತು. ಗಿರಾಕಿಗಳು ಬೈಯುತ್ತಿದ್ದರು. ಉಪಯೋಗಕ್ಕೆ ಬರುವ ಹಾಗೆ ಬರೆ ಎಂದು ಆಫೀಸಿನ ಮೇಲಿನವರು ನನಗೆ ಹೇಳಿದರು. ನಾನು ಡೈರಿ ತೆಗೆದೆ. ಬಂದಿದ್ದ ನಲವತ್ತು ದೂರುಗಳಲ್ಲಿ ಮೂವತ್ತಾರು ಕೇಬಲ್ ಬದಲಿಸಿದ ಮೇಲೆ ಸರಿಹೋಗಿದ್ದವು. ಇನ್ನೇನು ಬೇಕು? ಕಾರಣ ಬಿಡಿಸಿ ಹೇಳಲಾಗದ ಸಂಕಟಗಳನ್ನೆಲ್ಲ ಒಂದೇ ಬುಟ್ಟಿಗೆ ಸುರಿದು, ಮೇಲೆ ಚೀಟಿ ಅಂಟಿಸಿದೆ: "ಲಿಂಕ್ ಹೋಗಿದೆ. ಕೇಬಲ್ ಪರೀಕ್ಷಿಸಿ." ಪಕ್ಕದ ಮೇಜಿನ ಕಿರಣ್ ಓದಿ, "ಸೂಪರ್ ಮಗಾ, ಇನ್ಮೇಲೆ ನಮಗೆ ಫೋನೇ ಬರಲ್ಲ" ಎಂದ.

ನಿಜಕ್ಕೂ ಫೋನು ಕಡಿಮೆಯಾಯಿತು. ಸಾಲು ಸರಿಯಿದೆಯೇ ಎಂದು ತಿಳಿಯಲು ಎಣಿಕೆ ಮುಂದುವರಿಸಿದೆ. "ಕೇಬಲ್ ಬದಲಿಸಿದೆವು, ಸರಿಹೋಯಿತು" ಎಂಬ ವರದಿ ಬಂದಾಗಲೆಲ್ಲ ಒಂದು ಗೀಟು. ನನ್ನ ಅಜ್ಜಿ ಎಲ್ಲ ಕಾಯಿಲೆಗೂ ದೃಷ್ಟಿ ಎನ್ನುತ್ತಿದ್ದಳು. ಮಾಗಡಿ ರೋಡಿನ ನಮ್ಮ ಡಾಕ್ಟರು ಎಲ್ಲಕ್ಕೂ ವೈರಲ್ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಜ್ವರ ಮೂರು ದಿನಕ್ಕೆ ಇಳಿಯುತ್ತದೆ, ಇಬ್ಬರ ಕೀರ್ತಿಯೂ ಏರುತ್ತದೆ. ನನ್ನದೂ ಏರುತ್ತಿತ್ತು.

ಹೋದ ಬೇಸಿಗೆಯಲ್ಲಿ ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸಿನಿಂದ ಕಾರ್ಡೊಂದು ವಾಪಸ್ ಬಂತು. ನನ್ನ ಮೇಜಿನ ಮೇಲೆ ಅದು ಸಾಧುವಿನಂತೆ ಕೆಲಸ ಮಾಡಿತು. ಅದರ ಜೊತೆ ಕಳಿಸಿದ್ದ ಕಂಪ್ಯೂಟರಿನ ದಾಖಲೆಯಲ್ಲಿ ಮಾತ್ರ ಮಧ್ಯಾಹ್ನ ಮೂರರ ಸುಮಾರಿಗೆ ಮತ್ತೆ ಮತ್ತೆ ನನ್ನದೇ ಸಾಲು. ಮೂರು ಗಂಟೆಗೇ ಏಕೆ? ಅನುಮಾನ ಬಂದು ಬಿಸಿಗಾಳಿ ಊದಿದೆ. ಕಾರ್ಡು ತಕ್ಷಣ ನರಳಿತು. "ನನಗೆ ಸೆಕೆ" ಎನ್ನುವ ಅದರ ಅಂಕಿಯನ್ನು ನಾನು ಅದೇ ಬುಟ್ಟಿಗೆ ಹಾಕಿದ್ದೆ.

ಗಾರ್ಮೆಂಟ್ಸಿಗೆ ಫೋನ್ ಮಾಡಿದೆ. ಕಂಪ್ಯೂಟರ್ ಎಲ್ಲಿದೆ ಎಂದರೆ, ತಗಡಿನ ಚಾವಣಿಯ ಕೆಳಗೆ, ಇಸ್ತ್ರಿ ಮೇಜುಗಳ ಪಕ್ಕದಲ್ಲಿ.

"ನಾವು ಕೇಬಲ್ದೇ ತೊಂದ್ರೆ ಅಂದ್ಕೊಂಡ್ವಿ ಸಾರ್," ಎಂದರು ಸೂಪರ್‌ವೈಸರ್. "ಸ್ಕ್ರೀನೇ ಹೇಳ್ತಿತ್ತಲ್ಲ. ನಮ್ಮ ವೈರಿಂಗ್ ಈರಣ್ಣನ ಕೈಲಿ ಏಳು ಸಲ ಹಾಕ್ಸಿದ್ವಿ. ಒಂದು ಕೇಬಲ್ ನೆಟ್ಟಗೆ ಹಾಕಕ್ಕೆ ಬರಲ್ಲ ಅಂತ ತೆಗೆದ್ವಿ. ಹೊಸಬ್ರು ಹಾಕಿದ್ಮೇಲೂ ಹಂಗೇ ಆಯ್ತಾ, ಅದಕ್ಕೇ ಕಾರ್ಡ್ ಕಳಿಸಿದ್ದು."

ಕೇಬಲ್ ಸರಿಯಾಗಿತ್ತು, ಕಾರ್ಡು ಬಿಸಿಯಾಗುತ್ತಿತ್ತು ಎಂದೆ.

"ಈಗೇನ್ ಮಾಡಕ್ಕಾಗುತ್ತೆ ಸಾರ್? ಆ ಜಾಗಕ್ಕೆ ಬೇರೆಯವ್ರು ಬಂದಾಯ್ತಲ್ಲ."

ಡೈರಿ ತೆರೆದೆ. ಕಾಮಾಕ್ಷಿಪಾಳ್ಯ, ಏಳು ಗೀಟು. ಕೇಬಲ್ ಬದಲಿಸಬೇಕೆಂದರೆ ಅಲ್ಲಿ ಕಂಪ್ಯೂಟರ್ ಆರಿಸುತ್ತಿದ್ದರು. ಆ ಹತ್ತು ನಿಮಿಷದಲ್ಲಿ ಕಾರ್ಡು ತಣ್ಣಗಾಗಿ ಮತ್ತೆ ಓಡುತ್ತಿತ್ತು. ಈರಣ್ಣ ಏಳು ಸಲ ಅಪರಾಧಿಯಾದದ್ದನ್ನು ನಾನು ಏಳು ಸಲ ನನ್ನ ಗೆಲುವೆಂದು ಬರೆದುಕೊಂಡಿದ್ದೆ. ಮೊದಲಿನ ಮೂವತ್ತಾರರಲ್ಲಿ ಹೀಗೆ ತಣ್ಣಗಾಗಿ ಸರಿಹೋದವು ಎಷ್ಟೋ, ಎಣಿಸಲು ಈಗ ದಾರಿಯಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಬರೆ ಎಳೆದವನು ಪ್ರತಿ ಬರೆಗೂ ಲೆಕ್ಕ ಇಟ್ಟಿದ್ದನೆಂದು ಗಾದೆ ಹೇಳುವುದಿಲ್ಲ.

ಭಾನುವಾರ ಬೆಳಿಗ್ಗೆ, ಸೂಪರ್‌ವೈಸರ್ ಕೊಟ್ಟ ವಿಳಾಸ ಹಿಡಿದು ಹೆಗ್ಗನಹಳ್ಳಿಗೆ ಹೋದೆ. ಈರಣ್ಣ ಗದಗದ ಕಡೆಯವರು, ನಲವತ್ತು ದಾಟಿರಬಹುದು. ಮನೆಮನೆಗೆ ಊಟ ತಲುಪಿಸುವ ಕೆಲಸಕ್ಕೆ ಸೇರಿದ್ದರು. ಅದರ ದೊಡ್ಡ ಚೀಲವನ್ನು ಬಾಗಿಲಲ್ಲಿ ಕುಳಿತು ಒರೆಸುತ್ತಿದ್ದರು. ಎಲ್ಲವನ್ನೂ ಹೇಳಿದೆ.

"ಆ ಸಾಲು ಬರದವ್ರು ಯಾರ್ರೀ?"

"ನಾನೇ."

ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಅವರು ತಮ್ಮ ಅಂಗೈ ನೋಡಿಕೊಂಡರು. "ಹದಿನಾರು ವರ್ಷ ವೈರ್ ಎಳದೀನ್ರೀ ಸರ. ನಾಕನೇ ಸಲದ ತನಕ ಮಷಿನ್ ಮ್ಯಾಲ ಡೌಟ್ ಇತ್ತು. ಏಳನೇದಕ್ಕ ನನ್ನ ಕೈ ಮ್ಯಾಲನ ಡೌಟ್ ಬಂತು. ಈಗ ಮನ್ಯಾಗ ಬಲ್ಬ್ ಹಾಕಿದ್ರೂ ಎರಡು ಸಲ ನೋಡ್ತೀನಿ." ಚೀಲ ಬದಿಗಿಟ್ಟು ಕೇಳಿದರು: "ಗೊತ್ತಿಲ್ಲ ಅಂತ ಬರೀಬೇಕಿತ್ತಲ್ರೀ? ಗೊತ್ತಿಲ್ಲ ಅಂದಿದ್ರ ನಾನೂ ಹುಡುಕ್ತಿದ್ದೆ."

ದೋಷ ಕೇಬಲಿನದಲ್ಲ, ಹಾಕಿದವರದೂ ಅಲ್ಲ ಎಂದು ಅಲ್ಲೇ ಒಂದು ಕಾಗದ ಬರೆದು ಸಹಿ ಮಾಡಿ ಕೊಟ್ಟೆ. ಮಡಚಿ ಜೇಬಿಗಿಟ್ಟುಕೊಂಡರು. ಹೊಸದಾಗಿ ಬರೆಯಲಿರುವ ಸಾಲನ್ನೂ ಹೇಳಿದೆ: "ಕಾರ್ಡು ಬಿಸಿಯಾಗಿದೆ, ಇಷ್ಟು ಡಿಗ್ರಿ."

"ಕೇಬಲ್ ಸರಿ ಐತಿ ಅಂತ ಮೊದ್ಲ ಹಾಕ್ರಿ," ಎಂದರು. "ಆಮ್ಯಾಲ ಏನ್ ಬೇಕಾದ್ರೂ ಬರೀರಿ."

"ಸರಿ ಇರೋದನ್ನ ಯಾರು ಸ್ಕ್ರೀನ್ ಮೇಲೆ ಪ್ರಿಂಟ್ ಮಾಡ್ತಾರೆ ಗುರು?" ಎಂದು ಮರುದಿನ ಆಫೀಸಿನಲ್ಲಿ ಕಿರಣ್ ನಕ್ಕ. ನಾನು ಮಾಡಿದೆ. ಕಾರಣ ತಿಳಿಯದ ಕಡೆ "ಕಾರಣ ಗೊತ್ತಿಲ್ಲ" ಎಂದೇ ಬರೆದೆ. ನನ್ನ ಜೀವಮಾನದಲ್ಲಿ ಬರೆಯಲು ಅತಿ ಹೆಚ್ಚು ಹೊತ್ತು ತೆಗೆದುಕೊಂಡ ಎರಡು ಪದಗಳು ಅವು.

ಕಳೆದ ವಾರ ಸೂಪರ್‌ವೈಸರ್ ತಾವಾಗಿಯೇ ಫೋನ್ ಮಾಡಿದ್ದರು. "ಈಗ ಸಕ್ಕತ್ತಾಗ್ ಹೇಳುತ್ತೆ ಸಾರ್. ಕಂಪ್ಯೂಟರ್ ಪಕ್ಕ ಒಂದು ಫ್ಯಾನ್ ಇಟ್ಟಿದೀವಿ. ಒಂದ್ಸಲಾನೂ ನಿಂತಿಲ್ಲ."

ಈರಣ್ಣ ಆ ಕಾಗದ ಹಿಡಿದು ಕೆಲಸ ಕೇಳಲು ಎರಡು ಸಲ ಅಲ್ಲಿಗೆ ಹೋಗಿಬಂದಿದ್ದಾರೆ. ಎರಡು ಗೀಟು ಹಾಕಿದ್ದೇನೆ. ಕಾರ್ಡಿಗೆ ಫ್ಯಾನು ಸಿಕ್ಕಿದೆ.